‘ಇಲ್ಲ’ ಎನ್ನದ ಮಾವನಿಗೆ

ಮಾವಾ,

ನಿನಗೆ ಇದು ತಲುಪುತ್ತದೋ ಇಲ್ಲವೋ, ಬರೆಯದೆ ಹೋದರೆ ನನಗೆ ತುತ್ತು ಇಳಿಯುವುದಿಲ್ಲ.

ಶಾಂತಿ ಕಾಯಲು ಹೋದ ನಮ್ಮ ಪಡೆಯ ಜೊತೆ ಮಿಲಿಟರಿ ಡ್ರೈವರಾಗಿ ವಿಯೆಟ್ನಾಮಿನಲ್ಲಿದ್ದು ಬಂದ ನೀನು ಕೂಡ್ಲಿಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತು ಹೇಳಿದ್ದು ನೆನಪಿದೆ. “ಎಪ್ಪತ್ತರ ಮುದುಕಿ ಲೇ, ಬಾಯಾಗ ಒಂದ್ ಹಲ್ಲಿಲ್ಲ. ಮದುವಿ ಆಗೇತೇನವ್ವ ಅಂದೆ. ‘ಚುವ’ ಅಂದ್ಳು. ಇನ್ನೂ ಆಗಿಲ್ಲ ಅಂತ!” ಎಲ್ಲರೂ ನಕ್ಕರು, ನೀನು ನಗಲಿಲ್ಲ. ಉಂಡೆಯಾ, ಮಕ್ಕಳಾದವಾ, ಏನು ಕೇಳಿದರೂ ಅಲ್ಲಿಯವರು ‘ಇಲ್ಲ’ ಎಂದು ಕಡ್ಡಿ ಮುರಿಯುವುದಿಲ್ಲ, ‘ಚುವ’, ಇನ್ನೂ ಇಲ್ಲ, ಅನ್ನುತ್ತಾರೆ, ಪ್ರಶ್ನೆಯ ಕೊನೆಗೂ ಅದೇ ಪದ, ಉತ್ತರಕ್ಕೂ ಅದೇ, ಅಂದೆ.

ನಾನು ಹತ್ತನೇ ತರಗತಿ ಅರ್ಧಕ್ಕೆ ಬಿಟ್ಟು ಬಂದ ದಿನ ನೀನು ನನಗೂ ಅದನ್ನೇ ಕಲಿಸಲು ನೋಡಿದೆ. “ಪಾಸಾದ್ಯಾ ಅಂತ ಯಾರರ ಕೇಳಿದ್ರ ಚುವ ಅನ್ನಲೇ.”

“ಪರೀಕ್ಷಾಕ್ಕ ಕೂಡಂಗಿಲ್ಲ ಅಂದ ಮ್ಯಾಲ ಎಲ್ಲೀ ಚುವ, ಮಾವ? ಇಲ್ಲ ಅಂದ್ರ ಇಲ್ಲ.”

“ಕತ್ತೆ ಅದೀ,” ಅಂದೆ ನೀನು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಮೇಲೆ ನಿನ್ನ ಮಗ ಬಸವರಾಜ ಲಾರಿ ಓಡಿಸುತ್ತ ಆಂಧ್ರದ ಕಡೆ ಹೋದವನು ಬರಲೇ ಇಲ್ಲ. ಬಂದನಾ ಎಂದು ಓಣಿಯವರು ಕೇಳಿದರೆ ನೀನು ‘ಚುವ’ ಅನ್ನುತ್ತಿದ್ದೆ. ಅತ್ತೆಯೂ ಕಲಿತಳು. ಸೊಸೆ ರೇಣುಕ? ಮದುವೆಯಾಗಿ ವರ್ಷವೂ ತುಂಬದ ಹುಡುಗಿ... ಅವಳ ತವರಿನವರು ತಂಬ್ರಹಳ್ಳಿಯಿಂದ ಬಂದು, ಉಡಿಕಿ ಮಾಡುತ್ತೇವೆ, ಹೊಸ ಸೀರೆ ಉಡಿಸಿ ಕರೆದೊಯ್ಯುವವನಿದ್ದಾನೆ ಎಂದಾಗಲೂ ನಿನ್ನದು ಅದೇ ಮಾತು. ಗಂಡ ಸತ್ತಿದ್ದಾನೆ ಎಂದು ಮನೆಯ ಗಂಡಸು ಹಿರಿಯರ ಮುಂದೆ ಹೇಳದೆ ನಮ್ಮಲ್ಲಿ ಆ ಮರುಮದುವೆ ಆಗುವುದಿಲ್ಲ. ನೀನು ಹೇಳಲಿಲ್ಲ. ಹೇಳದೆಯೇ ಹೋದೆ.

ನಿನ್ನನ್ನು ಮಣ್ಣು ಮಾಡಿ ಬಂದ ಮೇಲೆ ಒಂದು ದಿನ ರೇಣುಕ ನನ್ನನ್ನು ಬಾವಿಯ ಹತ್ತಿರ ನಿಲ್ಲಿಸಿದಳು. “ಮುತ್ತೈದಿ ಅಂತ ಅರಿಷಿಣ ಕುಂಕುಮಕ್ಕ ಕರಿಯಂಗಿಲ್ಲ, ಮುಂಡಿ ಅಂತ ಬಿಡಂಗೂ ಇಲ್ಲ. ನಾನೇನು ನಿಮ್ಮ ಮಾವನ ಚುವ ಏನಪಾ?”

ಅದಕ್ಕೇ ಹೊರಟೆ. ಲಾರಿ ನಿಲ್ಲುವಲ್ಲೆಲ್ಲ ಕೇಳುತ್ತ ಹೋದೆ. ಕರ್ನೂಲಿನಲ್ಲಿ ಅವನ ಜೊತೆಗಿದ್ದ ಡ್ರೈವರ್ ಸಿಕ್ಕ. ಬಸವರಾಜ ಜ್ವರ ಬಂದು ಲಾರಿಯಲ್ಲೇ ಸತ್ತಿದ್ದ. ಇವನೇ ಮಣ್ಣು ಮಾಡಿ, ಪೊಲೀಸರಿಗೆ ಹೆದರಿ ಸುಮ್ಮನಿದ್ದ. ಸತ್ತವನ ಮುಂಗೈಯ ಹಚ್ಚೆಯಲ್ಲಿ ನಿನ್ನ ಹೆಸರಿತ್ತಂತೆ ಮಾವ.

ನಾನು ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. “ಸಿಕ್ಕನೇನೋ?”

“ಇಲ್ಲ ಅತ್ತಿ.”

“ಚುವ ಅನ್ನೋ.”

“ಇಲ್ಲ. ಬಸಣ್ಣ ಸತ್ತಾನ. ಅವನ್ನ ಹೂತ ಮಣ್ಣು ನೋಡಿ ಬಂದೀನಿ.”

ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಹೊಡೆದಳು. “ನೀನ ಕೊಂದಿ ಅವನ್ನ. ಇಷ್ಟ್ ದಿನ ಇದ್ದ.”

ನೀನಿದ್ದಿದ್ದರೆ... ಇರಲಿ.

ರೇಣುಕಳ ಉಡಿಕಿ ಆಯಿತು. ಹಿರಿಯರ ಮುಂದೆ ನಿನ್ನ ಜಾಗದಲ್ಲಿ ನಿಂತು ಅವಳ ಗಂಡ ಸತ್ತಿದ್ದಾನೆ ಎಂದು ಹೇಳಿದವನು ನಾನು. ಅತ್ತೆ ಬರಲಿಲ್ಲ. ನನ್ನನ್ನು ಹೊಸ್ತಿಲು ದಾಟಗೊಡುವುದಿಲ್ಲ. ಸಂಜೆಯಾದರೆ ಒಬ್ಬಳೇ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಾಳೆ. ಹೊಸಪೇಟೆಯ ಬಸ್ ಖಾಲಿಯಾದ ಮೇಲೆ ಹೊರಡುತ್ತಾಳೆ, ನಾನು ಅವಳ ಹಿಂದೆ ಮನೆಯತನಕ ನಡೆಯುತ್ತೇನೆ. ಅವಳು ತಿರುಗಿ ನೋಡುವುದಿಲ್ಲ. ನೋಡುವತನಕ ನಡೆಯುತ್ತೇನೆ, ಮಾವ.