ಅರಮನೆ ಬಲ್ಬಿನ ಕಳ್ಳ

ಮಾರ್ಚ್ 1, ಶನಿವಾರ
ಜೈಲಿನಿಂದ ನಮ್ಮನೆಯವರು, ದಿಲೀಪ್, ಫೋನ್. ವಾರಕ್ಕೊಮ್ಮೆ, ಐದೇ ನಿಮಿಷ. ಕೆಲಸದ ಯೋಗಶಾಲೆಯ ರಿಸೆಪ್ಷನ್ ಬಿಟ್ಟು ಹಿತ್ತಲಿಗೆ ಓಡಿದೆ. ಮಾತಾಡುವುದು ರಾಶಿ ಇತ್ತು — ಜಾಮೀನು, ಅತ್ತೆಯ ಬಿಪಿ, ಮಗಳ ಪರೀಕ್ಷೆ. ಇವರು ಕೇಳಿದ್ದು ಒಂದೇ. "ಆಮೇಲೆ ಕಳ್ಳ ಏನ್ ಮಾಡ್ದ, ವರ್ಷಿ?"

ಮಗಳಿಗೆ ಊಟ ಮಾಡಿಸಲು ನಾನು ಕಟ್ಟಿದ ಕಥೆ. ಭಾನುವಾರ ದೀಪ ಹತ್ತಿದಾಗ ಅರಮನೆಯಿಂದ ಒಂದೊಂದೇ ಬಲ್ಬು ಕದಿಯುವ ಕಳ್ಳ. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಮುಷ್ಕರ ಮಾಡಿ, ದೇಶದ್ರೋಹವೆಂದು ಒಳಗೆ ಹೋದ ಎಂಟು ಗಂಡಸರು ಸಂಜೆ ಬೀಗ ಬಿದ್ದ ಮೇಲೆ ಇದನ್ನೇ ಕೇಳುತ್ತಾರಂತೆ! ಸರದಿಯ ಮೇಲೆ ಕಥೆ ಹೇಳಬೇಕು. ಇವರಿಗೆ ಭಾಷಣ ಬರುತ್ತದೆ, ಕಥೆ ಬರುವುದಿಲ್ಲ. ಹೇಳಿಕೊಟ್ಟೆ. ಟೈಮ್ ಮುಗಿಯಿತು. ಜಾಮೀನಿನ ಮಾತು ಹಾಗೇ ಉಳಿಯಿತು.

ಮಾರ್ಚ್ 8, ಶನಿವಾರ
ಇನ್ನು ಹೋರಾಟಕ್ಕೆ ಹೋಗುವುದಿಲ್ಲ ಎಂದು ಬರೆದು ಸೈನ್ ಹಾಕಿದರೆ ಜಾಮೀನು ಸಲೀಸು — ವಕೀಲೆ ಪ್ರೇಮಲೀಲಾ ಮೇಡಂ ಎಷ್ಟು ಸಲ ಹೇಳಿಲ್ಲ. ಫೋನಿನಲ್ಲಿ ಮತ್ತೆ ಅದನ್ನೇ ಬೇಡಿದೆ.

"ಅದ್ ಬುಡು. ಕಳ್ಳ ಗುಮ್ಮಟ ಹತ್ತಿದ್ನಲ್ಲ, ಆಮೇಲೆ? ಇಲ್ಲಿ ಸೆಲ್‌ನಲ್ಲಿ ದೇವರಾಜಣ್ಣ ತಲೆ ತಿಂತಾವ್ರೆ ಕಣೇ."

ರೇಗಿಹೋಯಿತು. "ಕಾಲ್ ಜಾರ್ತು. ಬಿದ್ದ. ಸತ್ತ. ಕಥೆ ಮುಗೀತು. ಸೈನ್ ಹಾಕಿ ಮನೆಗ್ ಬನ್ನಿ!"

ಇನ್ನೂ ಟೈಮ್ ಇತ್ತು. ನಾನೇ ಫೋನ್ ಇಟ್ಟೆ.

ಮಾರ್ಚ್ 15
ಫೋನ್ ಇಲ್ಲ.

ಮಾರ್ಚ್ 22
ಇಲ್ಲ. ಯಾವಳೋ ಫಾರಿನ್ ಹುಡುಗಿಯ ಮೌನವ್ರತಕ್ಕೆ ರಸೀದಿ ಬರೆದೆ. ದುಡ್ಡು ಕೊಟ್ಟು ಬಾಯಿ ಮುಚ್ಚಿಕೊಳ್ಳುತ್ತಾರೆ, ಪುಣ್ಯವಂತರು.

ಮಾರ್ಚ್ 27, ಗುರುವಾರ
ಮೇಡಂ ಆಫೀಸ್. ಆರು ಜನ ಸೈನ್ ಹಾಕಿದ್ದಾರೆ. ಇವರು ಹಾಕಿಲ್ಲ! ಸೈನ್ ಹಾಕಿ ಬಿಡುಗಡೆಯಾದ ವಿಜಯ್‌ಕುಮಾರ್ ಅಲ್ಲೇ ಕೂತಿದ್ದ.

"ಕಳ್ಳ ಸತ್ತ ಅಂದ್ಮೇಲೆ ಯಾರೂ ಕಥೆ ಎತ್ಲಿಲ್ಲ ಅಕ್ಕ. ಬೀಗ ಬಿದ್ರೆ ಗೋಡೆ ಕಡೆ ತಿರುಗಿ ಮಲ್ಗೋದು. ಅಂಗೇ ಒಬ್ಬೊಬ್ರೇ ಸೋತ್ಬುಟ್ವಿ."

ನಾನು ಸೋಲಿಸಬೇಕೆಂದಿದ್ದು ಒಬ್ಬರನ್ನು. ಸೋತವರು ಮಿಕ್ಕವರೆಲ್ಲ. ಈಗ ಒಳಗೆ ಇವರು, ವಯಸ್ಸಾದ ದೇವರಾಜಣ್ಣ, ಇಬ್ಬರೇ. ಪೂರ್ತಿ ಕೇಸ್ ಇಬ್ಬರ ತಲೆಗೆ. ಯಾರ ಮೇಲೆ ರೇಗಲಿ? ನನಗೆ ನನ್ನ ಬಾಯಿಯ ಮೇಲೇ ಸಿಟ್ಟು.

ಏಪ್ರಿಲ್ 5, ಶನಿವಾರ
ಫೋನ್ ಬಂತು. ತಮ್ಮ ಅಮ್ಮನ ಬಿಪಿ, ಮಗಳ ಪರೀಕ್ಷೆ, ಗ್ಯಾಸ್ ಸಿಲಿಂಡರ್ — ಎಲ್ಲ ಅವರೇ ಕೇಳಿದರು. ಕಳ್ಳನ ಸುದ್ದಿ ಎತ್ತಲಿಲ್ಲ. ಕೊನೆಗೆ, "ಪೇಪರ್ ಕಳಿಸ್ಬುಡು ವರ್ಷಿ. ಸೈನ್ ಹಾಕ್ತೀನಿ."

ತಿಂಗಳುಗಟ್ಟಲೆ ಬೇಡಿದ ಮಾತು. ಖುಷಿಯಾಗಬೇಕಿತ್ತು. ಆ ದನಿ ಕೇಳಿ ಭಯವಾಯಿತು.

"ದೇವರಾಜಣ್ಣ?"

"ಮಲ್ಗವ್ರೆ. ಊಟ ಬೇಡ ಅಂತಾರೆ."

"ಎಬ್ಸಿ ಅವರನ್ನ. ಕಳ್ಳ ಸತ್ತಿಲ್ಲ ಕಣ್ರೀ! ಬಿದ್ದ, ಆದ್ರೆ ಬಿದ್ದಿದ್ದು..."

ಕಟ್.

ಕೇಳಿಸಿತೋ ಇಲ್ಲವೋ. ಮೇಡಂ ಕೊಟ್ಟ ಪೇಪರ್ ನನ್ನ ಬ್ಯಾಗಿನಲ್ಲೇ ಇದೆ. ಕಳಿಸಬೇಕೋ ಬೇಡವೋ ತಿಳಿಯದು. ಕಳ್ಳ ಎಲ್ಲಿ ಬಿದ್ದ ಎಂಬುದೂ ನನಗೆ ಗೊತ್ತಿಲ್ಲ, ಮುಂದಿನ ಶನಿವಾರದೊಳಗೆ ಗೊತ್ತಾಗಬೇಕು. ಅರಮನೆ ಆನೆಗೆ ತಂದ ಹಸಿ ಹುಲ್ಲಿನ ರಾಶಿ ಮೇಲೆ? ಆಗಬಹುದು. ಸೊಂಟ ಉಳುಕಿದೆ, ಜೀವಕ್ಕೇನಿಲ್ಲ. ಸದ್ದಿಗೆ ಮಾವುತ ಎದ್ದ. ಟಾರ್ಚ್ ಬಿಟ್ಟು ನೋಡುತ್ತಾನೆ, ಹುಲ್ಲಿನೊಳಗೆ...