ಅಮ್ಮನ ಗ್ರೈಂಡರಿನ ತಪ್ಪಿಲ್ಲ

ರಾಘವಾ,

ಗುಜರಿಯವ ಬಂದರೆ ವಾಪಸ್ ಕಳಿಸು. ಅಮ್ಮನ ಗ್ರೈಂಡರ್ ಕೊಡಬೇಡ ಮಾರಾಯ, ಫ್ಯೂಸ್ ಹೋಗುವುದು ಅದರಿಂದಲ್ಲ.

ನಿನ್ನೆ ಏಕಾದಶಿ ಅಂತ ಇಡ್ಲಿ ಬೇಯಿಸಲಿಲ್ಲ, ಇವತ್ತಿಗೆ ಹಿಟ್ಟು ಮಾತ್ರ ರುಬ್ಬಿದೆ. ಫ್ಯೂಸ್ ಹೋಯಿತಾ? ಇಲ್ಲ! ಅನುಮಾನ ಬಂದು ನಮ್ಮ ಸ್ಕೂಲ್ ಲ್ಯಾಬಿನ ಮೀಟರ್ ಹಿಡಿದು ನೋಡಿದೆ. ಗ್ರೈಂಡರ್ ಎಳೆಯುವುದು ಎರಡೇ ಆಂಪಿಯರ್. ನೀನು ಆಸೆಪಟ್ಟು ತಂದ ಇಡ್ಲಿ ಸ್ಟೀಮರ್ ಹತ್ತು ಎಳೆಯುತ್ತದೆ. 230 ವೋಲ್ಟನ್ನು ಹತ್ತರಿಂದ ಭಾಗಿಸಿದರೆ ಅದರ ರೋಧ 23 ಓಮ್, ಗುಣಿಸಿದರೆ 2300 ವ್ಯಾಟ್. ಅಂಥದ್ದರ ದೊಡ್ಡ ಪ್ಲಗ್ಗಿಗೆ ಕನ್ವರ್ಟರ್ ಸಿಕ್ಕಿಸಿ, ಗ್ರೈಂಡರ್ ಇರುವ ಆರು ಆಂಪಿಯರಿನ ಬೋರ್ಡಿಗೇ ಹಾಕಿ, ಪಾಪದ ಗ್ರೈಂಡರಿಗೆ ಬೈತೀಯಲ್ಲ, ನಾಚಿಕೆ ಆಗುವುದಿಲ್ಲವಾ?

ಚಾವಡಿಯಲ್ಲಿ ಏಸಿಗೆಂದು ಬಿಟ್ಟ ದೊಡ್ಡ ಸಾಕೆಟ್ ಉಂಟಲ್ಲ, ಅದರ ಲೈನೇ ಬೇರೆ. ಸ್ಟೀಮರನ್ನು ಅಲ್ಲಿಡು. ಏಸಿ ಬರುವಾಗ ಬರಲಿ.

ಆ ಆರು ಆಂಪಿಯರಿನ ಬೋರ್ಡ್ ಬಿಸಿಯಾಗಿ ಕಪ್ಪಾಗಿದೆ. ಮುಟ್ಟಬೇಡ, ಮೇನ್ ಆಫ್ ಮಾಡಿ ಮಿಸ್ತ್ರಿಯನ್ನು ಕರೆಸು.

ನಾಳೆಯ ಫುಟ್‌ಬಾಲ್ ಪಂದ್ಯಕ್ಕೆ ಇಡ್ಲಿ ಕೊಡಲಾಗುವುದಿಲ್ಲ ಅಂತ ನಮ್ಮ ಓಣಿಯ ಪಾಡಾ ಕ್ಲಬ್ಬಿನವರಿಗೆ ಹೇಳಿಬಿಟ್ಟೆಯಲ್ಲ? ಈಗಲೇ ಫೋನ್ ಮಾಡಿ ಕೊಡುತ್ತೇವೆ ಅನ್ನು.

ಉದ್ದು ನೆನೆಹಾಕಿಯೇ ಸ್ಕೂಲಿಗೆ ಹೊರಟಿದ್ದೇನೆ. ಬೋರ್ಡ್ ಸರಿಯಾದ ಮೇಲೆ ಅಮ್ಮನ ಗ್ರೈಂಡರಿನಲ್ಲೇ ರುಬ್ಬು.

ಅಕ್ಕ