ಲುಂಗಿ ಸುತ್ತಿದ ಗೊನೆ

ಸ್ಪಿಯರ್‌ವುಡ್, ಪರ್ತ್
ಗುರುವಾರ, ನವೆಂಬರ್ ೧೪

ಪ್ರೀತಿಯ ಅವುಕುಸೊ,

ಲಕೋಟೆಯ ಮೇಲೆ ನಿನ್ನ ಹೊಸ ಬಿರುದನ್ನೇ ಬರೆದಿದ್ದೇನೆ, ಗಾಬರಿಯಾಗಬೇಡ. ಮನೆತನದ ಯಜಮಾನನಿಗೆ ಹೆಂಡತಿ ಹಳೆಯ ಹೆಸರಿನಲ್ಲೇ ಕಾಗದ ಬರೆಯುತ್ತಾಳೆ ಎಂದು ನಿನ್ನ ಅಕ್ಕಂದಿರು ನಮ್ಮೂರಿರುವ ಸವಾಯಿ ದ್ವೀಪದ ತುಂಬ ಸಾರಿಕೊಂಡು ಬರುವುದು ನನಗೂ ಬೇಡ. ಆದರೆ ಲಕೋಟೆ ಒಡೆದ ಮೇಲೆ ನೀನು ನನ್ನ ಅವುಕುಸೊ. ಹೊರಗೆ ‘ನೀವು’, ಒಳಗೆ ‘ನೀನು’. ಇಷ್ಟಕ್ಕೆ ಬೇಸರವಾದರೆ ಮುಂದೆ ಓದಬೇಡ.

ನಾನು ಚೆನ್ನಾಗಿದ್ದೇನೆ. ಲೋಸಾಳೂ ಅವಳ ಮಕ್ಕಳೂ ಚೆನ್ನಾಗಿದ್ದಾರೆ. ಇದನ್ನೆಲ್ಲ ನಿನ್ನ ಮಗಳೇ ಫೋನಿನಲ್ಲಿ ಹೇಳಿರುತ್ತಾಳೆ. ಅವಳು ಹೇಳದ ಸಂಗತಿ ಒಂದಿದೆ. ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡಿದ್ದೆ. ನಮ್ಮ ಹಿತ್ತಲಿನ ಬಾಳೆ ಗೊನೆ ಹಾಕಿದೆ.

ನಗು, ನಗು. ಹೋದ ವರ್ಷ ಇಲ್ಲಿಯ ಜುಲೈ ಚಳಿಯಲ್ಲಿ ನೀನು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಾಗ ಅದು ಹೇಗಿತ್ತೆಂದು ನನಗೂ ನೆನಪಿದೆ. ಎಲೆಯೆಲ್ಲ ಕಂದು ತಿರುಗಿ, ಜೋತುಬಿದ್ದು, ಸತ್ತ ಹಾಗೆ ನಿಂತಿತ್ತು. ನಿನ್ನ ಅಣ್ಣ ತೀರಿಕೊಂಡು ಬಿರುದು ನಿನ್ನ ಹೆಗಲಿಗೆ ಬಂದಿತ್ತು, ಊರಿನಲ್ಲಿದ್ದುಕೊಂಡೇ ಅದನ್ನು ಹೊರಬೇಕು ಎಂದು ನೀನು ಹೇಳಿದೆ. ನಾನು ಮಗಳನ್ನೂ ಮೊಮ್ಮಕ್ಕಳನ್ನೂ ಬಿಟ್ಟು ಬರುವುದಿಲ್ಲ ಎಂದೆ. ಆಗ ನೀನು ಆ ಬಾಳೆಯ ಕಡೆಗೆ ಕೈ ತೋರಿಸಿದೆ. “ನೋಡೇ, ಈ ಮರಳಲ್ಲಿ ಬಾಳೇನೇ ಬದುಕಲ್ಲ, ನಾವೆಲ್ಲಿ ಬದುಕ್ತೀವಿ? ಇಲ್ಲಿ ಬೆಳೆದ ಬಾಳೆ ನಿನ್ನ ತಟ್ಟೆಗೆ ಬಿದ್ದ ದಿನ ಹೇಳಿ ಕಳಿಸು. ಬಂದು ನಿನ್ನ ಜೊತೆ ಕೂತು ತಿಂತೀನಿ. ಆಮೇಲೆ ಎಲ್ಲಿರೋದು ಅಂತ ನೀನೇ ಹೇಳು, ಎರಡನೇ ಮಾತಾಡಲ್ಲ” ಎಂದೆ. ನಿನ್ನ ತಮ್ಮ, ಟ್ಯಾಕ್ಸಿಯವನು, ಎಲ್ಲರೂ ಕೇಳಿಸಿಕೊಂಡರು. ಈಗ ಹಾಗಂದಿರಲಿಲ್ಲ ಎಂದು ಜಾರಿಕೊಳ್ಳಲು ಬರುವುದಿಲ್ಲ.

ಸ್ವಲ್ಪ ಇರು, ಗಾಳಿ ಎದ್ದಿದೆ. ಹೋಗಿ ನೋಡಿ ಬರುತ್ತೇನೆ.

ಬಂದೆ. ಗಿಡಕ್ಕೆ ಕೊಟ್ಟ ಊರುಗೋಲು ಗಟ್ಟಿಯಾಗಿದೆ. ಮಧ್ಯಾಹ್ನವಾದರೆ ಸಾಕು ಕಡಲ ಕಡೆಯಿಂದ ಬೀಸುವ ಗಾಳಿಗೆ ಎಲೆಗಳು ಚಿಂದಿ ಚಿಂದಿ. ಬೆಳಗ್ಗೆ ಮರಳುಗಾಡಿನ ಬಿಸಿಗಾಳಿ, ಮಧ್ಯಾಹ್ನ ಇದು. ಪಾಪದ ಗಿಡ ಯಾವ ಕಡೆಗೆ ತಿರುಗಬೇಕು ಹೇಳು. ಈಚೆಗೆ ನಾನೂ ಹಾಗೇ ಆಗಿದ್ದೇನೆ. ಕೂತಲ್ಲಿ ಕೂರಲಾರೆ, ಒಲೆಯ ಮೇಲೆ ಇಟ್ಟದ್ದನ್ನು ಮರೆಯುತ್ತೇನೆ, ಹಿತ್ತಲ ಬಾಗಿಲು ತೆರೆದು ಮುಚ್ಚಿ ಅದರ ಕೀಲೇ ಸಡಿಲವಾಗಿದೆ.

ಆ ಬಾಳೆ ಬದುಕಿದ್ದು ನನ್ನ ಜಾಣತನದಿಂದಲ್ಲ, ಸೋಮಾರಿತನದಿಂದ. ಪಕ್ಕದ ಮನೆಯ ಯೆರ್ಕೊನನ್ನು ನೀನು ಮರೆತಿರಲಾರೆ, ಅಂಜೂರ, ದ್ರಾಕ್ಷಿ ಬೆಳೆಯುವ ಕ್ರೊಯೇಷಿಯಾದ ಮುದುಕ. ನೀನು ಹೋದ ವಾರವೇ ಕತ್ತರಿ ಹಿಡಿದುಕೊಂಡು ಬೇಲಿಯ ಹತ್ತಿರ ಬಂದ. “ತಂಗಿ, ಒಣಗಿದ್ದನ್ನೆಲ್ಲ ಕತ್ತರಿಸಿ ಹಾಕು, ನೋಡೋಕಾಗಲ್ಲ” ಎಂದ. ನನಗೆ ಆಗ ಹಾಸಿಗೆ ಬಿಟ್ಟು ಏಳುವ ಮನಸ್ಸೇ ಇರಲಿಲ್ಲ. ಹಾಗೇ ಬಿಟ್ಟೆ. ಆ ಒಣ ಎಲೆಗಳೇ ದಿಂಡಿಗೆ ಕಂಬಳಿಯಾಗಿ ಒಳಗಿನ ಸುಳಿಯನ್ನು ಚಳಿಯಿಂದ ಕಾಪಾಡಿದವು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಕಸದಂತಿದ್ದ ತುದಿಯಿಂದ ಹಸಿರು ಸುರುಳಿಯೊಂದು ಮೇಲೆ ಬಂತು. ಅಂಗಳದಲ್ಲೇ ಕೂತು ಅತ್ತುಬಿಟ್ಟೆ, ಅವುಕುಸೊ. ನಿನಗೋಸ್ಕರ ಅಲ್ಲ, ಆ ಎಲೆ ನೋಡಿ.

ಆಮೇಲೆ ಬಿಡಲಿಲ್ಲ. ಬಟ್ಟೆ ಒಗೆದ ನೀರು, ಸ್ನಾನದ ನೀರು ಎಲ್ಲವೂ ಅದಕ್ಕೇ. ಮರಳಿನಲ್ಲಿ ನೀರು ನಿಲ್ಲುವುದಿಲ್ಲವೆಂದು ಯೆರ್ಕೊ ಜೇಡಿಮಣ್ಣು ತಂದು ಸುರಿದ, ಕುದುರೆ ಗೊಬ್ಬರ ತಂದ. ಬೇಸಿಗೆ ಕಳೆಯುವಷ್ಟರಲ್ಲಿ ಬೇಲಿಯನ್ನು ದಾಟಿ ಬೆಳೆಯಿತು. ಆದರೆ ಹೂ ಹಾಕಿದ್ದು ಯಾವಾಗ ಗೊತ್ತೇ? ಮಾರ್ಚ್ ಕೊನೆಗೆ, ಚಳಿ ಬರುವ ಹೊಸ್ತಿಲಲ್ಲಿ. ನಿನ್ನ ಹಾಗೇ ಹೊತ್ತು ಗೊತ್ತಿಲ್ಲದ ಗಿಡ. ಬೆರಳಿನಷ್ಟು ಕಾಯಿಗಳು ಇಡೀ ಚಳಿಗಾಲ ಹಾಗೇ ನೇತಾಡಿದವು, ಬೆಳೆಯಲೂ ಇಲ್ಲ, ಉದುರಲೂ ಇಲ್ಲ. ವಾಯವ್ಯದಿಂದ ಮಳೆಗಾಳಿ ಅಪ್ಪಳಿಸಿದಾಗ ನೀನು ಬಿಟ್ಟುಹೋದ ಕೆಂಪು ಹೂವಿನ ಲುಂಗಿಯನ್ನು ಗೊನೆಗೆ ಸುತ್ತಿ ಕಟ್ಟಿದೆ. ಮಾರನೆಯ ದಿನ ಯೆರ್ಕೊ ಕೇಳಿದ, “ಏನ್ ತಂಗಿ, ಯಜಮಾನ್ರು ವಾಪಸ್ ಬಂದ್ರಾ? ಬೆಳಗ್ಗೆ ಬೇಲಿ ಹತ್ರ ಅವರ ಲುಂಗಿ ಕಾಣಿಸ್ತು, ನಮಸ್ಕಾರ ಹೊಡೆದೆ, ಮಾತೇ ಆಡಲಿಲ್ಲ.” ನಕ್ಕು ನಕ್ಕು ಹೊಟ್ಟೆ ನೋವು ಬಂತು. ಒಳಗೆ ಬಂದ ಮೇಲೆ ನಗು ಎಲ್ಲಿಗೆ ಹೋಯಿತೋ ತಿಳಿಯದು.

ಈಗ ಕಾಯಿ ಚೆನ್ನಾಗಿ ತುಂಬಿಕೊಂಡಿದೆ, ಆದರೆ ಹಳದಿ ತಿರುಗುವ ಲಕ್ಷಣವಿಲ್ಲ. ಯೆರ್ಕೊ ದಿನಾ ಬಂದು ನೋಡುತ್ತಾನೆ. “ಹಣ್ಣಾಗ್ಲಿ, ಆತುರ ಬೇಡ” ಎನ್ನುತ್ತಾನೆ. ಬುಡದಲ್ಲಿ ಒಂದು ಮರಿಗಿಡ, ಕಂದು, ಎದ್ದಿದೆ, ಅದರ ಮೇಲೂ ಅವನ ಕಣ್ಣಿದೆ. “ತಾಯಿಗಿಡ ಹೇಗೂ ಹೋಗುತ್ತೆ, ಆ ಕಂದು ನನಗೆ ಕೊಟ್ಬಿಡು. ನೀನು ಊರಿಗೆ ಹೋಗೋಳಲ್ವಾ?” ಎಂದ. ನೋಡೋಣ ಎಂದೆ. ಇದು ನಿನ್ನನ್ನು ಕರೆಯುವ ಕಾಗದವಲ್ಲ. ಬರಿ ತಿಳಿಸುತ್ತಿದ್ದೇನೆ. ಹಣ್ಣಾದ ಮೇಲೆ ಮತ್ತೆ ಬರೆಯುತ್ತೇನೆ.

ಸೋಮವಾರ

ಗುರುವಾರವೇ ಅಂಚೆಗೆ ಹಾಕಬೇಕೆಂದಿದ್ದೆ. ಲಕೋಟೆ ಚೀಲದಲ್ಲೇ ಇಟ್ಟುಕೊಂಡು ಅಂಚೆ ಡಬ್ಬದ ಮುಂದೆಯೇ ಹೋಗಿ ಬಂದೆ, ಕೈ ಬರಲಿಲ್ಲ. ಒಳ್ಳೆಯದೇ ಆಯಿತು, ಈಗ ಬರೆಯುವುದು ಬೇರೆಯೇ ಇದೆ.

ಶನಿವಾರ ಚರ್ಚಿನ ವಾಯೊಲಾ ಅತ್ತೆ ಬಂದರು. ಅದೇ, ನಮ್ಮ ಮದುವೆಯಲ್ಲಿ ನಿನಗಿಂತ ಹೆಚ್ಚು ಕುಣಿದವರು. ಚಹಾ ಕೊಡುವ ಮೊದಲೇ ಹಿತ್ತಲಿಗೆ ನುಗ್ಗಿದರು. ಲುಂಗಿ ಸರಿಸಿ ಗೊನೆಯ ಮೇಲೆ ಕೈಯಾಡಿಸಿದರು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

“ಯಾರಿಗೆ ಕಾಯ್ತಿದೀಯೇ ಫುವಾತಿನೊ?”

ಹಣ್ಣಾಗಲಿ ಎಂದು ಕಾಯುತ್ತಿದ್ದೇನೆ ಎಂದೆ.

“ಹಣ್ಣಾ! ಅಯ್ಯೋ ನಿನ್ನ! ಬಿಳಿಯರ ಜೊತೆ ಇದ್ದೂ ಇದ್ದೂ ಬಾಯಿರುಚಿನೂ ಮಾರ್ಕೊಂಡ್ಯಾ? ಬಾಳೆ ಅಂದ್ರೆ ನಮಗೆ ಕಾಯಿ ಕಣೇ. ಹಣ್ಣು ಮಕ್ಕಳಿಗೆ, ಹಂದಿಗೆ. ಮುಟ್ಟಿ ನೋಡು, ಅಂಚೆಲ್ಲ ದುಂಡಗಾಗಿದೆ. ಇನ್ನೂ ಬಿಟ್ರೆ ಸೀಳುತ್ತೆ. ಚಾಕು ತಗೊಂಬಾ!”

ಬೇಡ ಎನ್ನಲು ಬಾಯಿ ತೆರೆದೆ. ನೆಪ ಏನೂ ಹೊಳೆಯಲಿಲ್ಲ. ಚಾಕು ತಂದೆ. ಯೆರ್ಕೊ ಬೇಲಿಯಾಚೆಯಿಂದ “ಇನ್ನೂ ಹಸಿರಿದೆ! ಹಸಿರಿದೆ!” ಎಂದು ಕೂಗುತ್ತಿದ್ದ. ಅತ್ತೆ ಅವನಿಗೆ “ನಿಮ್ಮ ಆಲಿವ್ ನೀವು ಹಸಿರಲ್ಲೇ ತಿನ್ನಲ್ವಾ, ಸುಮ್ನಿರಿ” ಎಂದರು. ಗೊನೆ ಕಡಿದೇ ಬಿಟ್ಟರು.

ನಿನ್ನೆ ಭಾನುವಾರ, ಪ್ರಾರ್ಥನೆ ಮುಗಿಸಿ ಬಂದ ಮೇಲೆ ಕೈಗೆ ಎಣ್ಣೆ ಹಚ್ಚಿಕೊಂಡು ಸುಲಿದೆ. ಸೊನೆಯ ಕಲೆ ಉಗುರಿನಲ್ಲಿ ಇನ್ನೂ ಇದೆ. ಬೇಯಿಸಿ, ತೆಂಗಿನ ಹಾಲು, ಈರುಳ್ಳಿ, ಉಪ್ಪು ಹಾಕಿ ಕುದಿಸಿದೆ. ಮನೆಯೆಲ್ಲ ನಿನ್ನ ಅಮ್ಮನ ಅಡುಗೆಮನೆಯ ವಾಸನೆ. ಲೋಸಾ ತಟ್ಟೆಗಳನ್ನು ಇಟ್ಟಳು, ಒಂದು ಹೆಚ್ಚಿಗೆ ಇಟ್ಟಳು. ಅದನ್ನು ತೆಗೆ ಎಂದು ನಾನು ಹೇಳಲಿಲ್ಲ. ಯೆರ್ಕೊನನ್ನೂ ಕರೆದಿದ್ದೆವು. ಅನುಮಾನದಿಂದ ಒಂದು ತುಂಡು ಬಾಯಿಗಿಟ್ಟ, ಆಮೇಲೆ ಮೂರು ಸಲ ಬಡಿಸಿಕೊಂಡ. ಆ ಹೆಚ್ಚಿನ ತಟ್ಟೆಯ ಮುಂದೆ ಮಾತ್ರ ಯಾರೂ ಕೂರಲಿಲ್ಲ.

ಅವುಕುಸೊ, ನೀನು “ಹಣ್ಣಾದ ದಿನ” ಎಂದಿರಲಿಲ್ಲ. “ತಟ್ಟೆಗೆ ಬಿದ್ದ ದಿನ” ಎಂದಿದ್ದೆ. ನಿನ್ನೆ ಬಿತ್ತು. ಈ ಮರಳಿನದು. ಮೆತ್ತಗೆ ಬೆಂದಿತ್ತು, ಒಂದು ಚೂರೂ ಒಗರಿರಲಿಲ್ಲ. ನಿನ್ನ ಮಾತು ನಿನಗೆ ಒಪ್ಪಿಸಿದ್ದೇನೆ. ಇನ್ನು ಬರುವುದು ಬಿಡುವುದು ಬಿರುದು ಹೊತ್ತವನಿಗೆ ಸೇರಿದ್ದು. ನಿನ್ನ ನಾಲಗೆಗೆ ಬೆಲೆಯಿದೆಯೋ ಇಲ್ಲವೋ ನಿನ್ನ ಊರಿನವರಿಗಿಂತ ಮೊದಲು ನನಗೆ ಗೊತ್ತಾಗಬೇಕು.

ಇಂತಿ,
ಲಕೋಟೆಯ ಒಳಗಿನ
ನಿನ್ನ ಫುವಾತಿನೊ

ತಾ.ಕ.: ವಾಯೊಲಾ ಅತ್ತೆ ನನ್ನನ್ನು ಪೆದ್ದಿ ಎಂದುಕೊಂಡು ಹೋದರು, ನೀನಾದರೂ ಹಾಗೆಂದುಕೊಳ್ಳಬೇಡ. ಬಾಳೆಕಾಯಿ ತಿಂದೇ ಬೆಳೆದವಳಿಗೆ ಕಾಯಿ ಬಲಿತದ್ದು ತಿಳಿಯದೇ ಇರುತ್ತದೆಯೇ? ಅದು ಎಂದೋ ಬಲಿತಿತ್ತು. ದಿನಾ ಮುಟ್ಟಿ ನೋಡಿ ಮತ್ತೆ ಲುಂಗಿ ಸುತ್ತಿ ಬರುತ್ತಿದ್ದೆ. ಗೊನೆ ಹಸಿರಾಗಿದ್ದಷ್ಟು ದಿನ ನೀನು ಬರದಿರುವುದಕ್ಕೆ ಗೊನೆಯೇ ಕಾರಣವಾಗಿತ್ತು. ಕತ್ತರಿಸಿದ ಮೇಲೆ ಕಾರಣ ನೀನೇ ಆಗುತ್ತೀಯೆಂದು ಹೆದರಿದ್ದೆ. ಎಲ್ಲಿರೋದು ಅಂತ ನೀನೇ ಹೇಳು ಎಂದಿದ್ದೆಯಲ್ಲ, ಉತ್ತರ ಇದು: ಆ ಕಂದನ್ನು ಯೆರ್ಕೊಗೆ ಕೊಡಲಿಲ್ಲ. ಇವತ್ತು ಬೆಳಗ್ಗೆ ಬೇಲಿಯ ಪಕ್ಕ ನೆಟ್ಟೆ, ನೀನು ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಜಾಗವನ್ನು ಬಿಟ್ಟು. ಅಡುಗೆಮನೆಯಲ್ಲಿ ಒಂದು ಚಿಪ್ಪು ಕಾಯಿ ತೂಗುಹಾಕಿದ್ದೇನೆ, ನಿನ್ನ ಪಾಲಿನದು. ಒಲೆಯ ಶಾಖಕ್ಕೆ ತುದಿ ಆಗಲೇ ಹಳದಿ ತಿರುಗುತ್ತಿದೆ. ಕಾಯಿಯೇ ತಿನ್ನಬೇಕೆಂದಿದ್ದರೆ ಬೇಗ ಬಾ.